ಕೋಟೆ ಕಂಡವರ ಬರಹ: ಒಂದು ತಕರಾರು

ನಮ್ಮ ಕಡೆಯ ಶಾಲಾ ವಾರ್ಷಿಕಗಳಲ್ಲಿ, ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಯುವಕ ಮಂಡಲಗಳ ಕೈಬರಹದ ಪತ್ರಿಕೆಗಳಲ್ಲಿ ಒಂದು ಬಗೆಯ ಲೇಖನ ತಪ್ಪದೆ ಇರುತ್ತದೆ. ಬೇಕಲಕ್ಕೋ ಚಂದ್ರಗಿರಿಗೋ ಹೋಗಿ ಬಂದ ಒಂದು ದಿನದ ಕಥನ ಅದು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವುದು, ದಾರಿಯಲ್ಲಿ ಹಾಡು, ಕೋಟೆಯ ಬಾಗಿಲು ಕಂಡೊಡನೆ ಮೈ ಜುಮ್ಮೆನ್ನುವುದು, ಬುರುಜಿನ ಮೇಲೆ ನಿಂತು ಕಡಲು ನೋಡುವುದು, ಕಲ್ಲುಗಳಿಗೆ ಬಾಯಿ ಇದ್ದಿದ್ದರೆ ಎಂಬ ಒಂದು ಉದ್ಗಾರ, ಶಿವಪ್ಪ ನಾಯಕನ ಹೆಸರು, ನಲವತ್ತು ಎಕರೆ ಎಂಬ ಅಳತೆ, ಸೂರ್ಯಾಸ್ತ, ನಿಟ್ಟುಸಿರು, ಮರಳಿ ಮನೆಗೆ. ನಾನೂ ಕಾಲೇಜಿನಲ್ಲಿದ್ದಾಗ ಇಂಥದೊಂದನ್ನು ಬರೆದಿದ್ದೇನೆ. ಅಚ್ಚೂ ಆಗಿತ್ತು. ಈಚೆಗೆ ಹಳೆಯ ಟ್ರಂಕಿನಲ್ಲಿ ಆ ಸಂಚಿಕೆ ಸಿಕ್ಕಿತು; ಓದಿ ನೋಡಿದೆ. ಬೇಕಲದ್ದೇ ಎನ್ನಬಹುದಾದ ಒಂದೇ ಒಂದು ವಿವರ ಅದರಲ್ಲಿ ಇರಲಿಲ್ಲ. ಬೇಕಲವೆಂದಿದ್ದಲ್ಲಿ ಗೋಲ್ಕೊಂಡವೆಂದು ತಿದ್ದಿ, ಕಡಲನ್ನು ಹೊಡೆದು ಹಾಕಿದ್ದರೆ ಅದು ಹೈದರಾಬಾದಿನ ಯಾವುದಾದರೂ ವಾರ್ಷಿಕದಲ್ಲಿ ಸಲೀಸಾಗಿ ನಡೆದುಬಿಡುತ್ತಿತ್ತು.

ಈ ಬರಹಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡಂತಿಲ್ಲ. ನಮ್ಮಲ್ಲಿ ಕವನ ಸಂಕಲನಕ್ಕೆ ವಿಮರ್ಶೆ ಬರುತ್ತದೆ, ಯಕ್ಷಗಾನ ಪ್ರಸಂಗಕ್ಕೆ ಬರುತ್ತದೆ. ಆದರೆ ಗಡಿನಾಡಿನಲ್ಲಿ ಅತಿ ಹೆಚ್ಚು ಜನ ಬರೆದಿರುವ ಗದ್ಯಪ್ರಕಾರ ಯಾವುದೆಂದು ಕೇಳಿದರೆ ಅದು ಈ ಕೋಟೆಯ ಬರಹವೇ ಇರಬೇಕು. ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಈ ಬರಹ ಹಾಳೆಯಲ್ಲೇ ಉಳಿಯುವುದಿಲ್ಲ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತುವ ಪ್ರತಿ ಕನ್ನಡ ಮನೆಯವರೂ ಅದೇ ಮಾತುಗಳನ್ನು ಮಕ್ಕಳಿಗೆ ಹೇಳುತ್ತಾರೆ. 'ಇದು ನಮ್ಮವರು ಕಟ್ಟಿದ್ದು' ಎಂದು ಹೇಳುತ್ತಾರೆ. ಅದರಲ್ಲಿ 'ನಮ್ಮವರು' ಎಂದರೆ ಯಾರು ಎಂಬುದೇ ನನ್ನ ತಕರಾರಿನ ಮೂಲ.

ಮೊದಲು ಈ ಬರಹದ ವಂಶಾವಳಿಯನ್ನು ಸ್ವಲ್ಪ ನೋಡೋಣ. ಹಾಳುಬಿದ್ದ ಕಟ್ಟಡವನ್ನು ನೋಡಲೆಂದೇ ನಡೆದು ಹೋಗುವುದು, ಹೋಗಿ ಬಂದು ಅದರ ಬಗ್ಗೆ ಬರೆಯುವುದು ನಮ್ಮ ಹಿರಿಯರ ಪದ್ಧತಿಯಾಗಿರಲಿಲ್ಲ. ಅವರು ಕ್ಷೇತ್ರಕ್ಕೆ ಹೋಗುತ್ತಿದ್ದರು, ಸಂತೆಗೆ ಹೋಗುತ್ತಿದ್ದರು. ಪಾಳು ಗೋಡೆಯ ಹತ್ತಿರ ಹೋಗಬೇಡವೆಂದು ಮಕ್ಕಳಿಗೆ ಗದರಿಸುತ್ತಿದ್ದರು. ಅಲ್ಲಿ ಹಾವಿರುತ್ತದೆ, ಭೂತವಿರುತ್ತದೆ. ಪಾಳಿನಲ್ಲಿ ಸೊಬಗು ಕಾಣುವ ಕಣ್ಣು ನಮಗೆ ಇಂಗ್ಲಿಷ್ ಪಾಠಗಳಿಂದ ಬಂದದ್ದೆಂದು ನನ್ನ ತಿಳುವಳಿಕೆ. ಇಂಗ್ಲೆಂಡ್ ಮತ್ತು ವೇಲ್ಸ್ ನಡುವೆ ವೈ ಎಂಬ ನದಿ ಹರಿಯುತ್ತದೆ. ಅದರ ದಡದಲ್ಲಿ 1131ರಲ್ಲಿ ಸ್ಥಾಪನೆಯಾಗಿ 1536ರಲ್ಲಿ ಮುಚ್ಚಿಸಲ್ಪಟ್ಟ ಟಿಂಟರ್ನ್ ಎಂಬ ಕ್ರೈಸ್ತ ಮಠದ ಅವಶೇಷವಿದೆ. ಇನ್ನಷ್ಟು ಕೆಳಗೆ, 1067ರಲ್ಲಿ ನಾರ್ಮನರು ಕಟ್ಟಲು ತೊಡಗಿದ ಚೆಪ್‌ಸ್ಟೋ ಕೋಟೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಈ ಕಣಿವೆಗೆ ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಹೋಗಿಬರುವುದು ಓದುಬರಹ ಬಲ್ಲವರ ಒಂದು ಗೀಳಾಯಿತು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ 1782ರಲ್ಲಿ ಪ್ರಕಟಿಸಿದ ತನ್ನ ಪ್ರವಾಸದ ಪುಸ್ತಕದಲ್ಲಿ, ಟಿಂಟರ್ನಿನ ಗೋಡೆಯ ತ್ರಿಕೋನದ ತುದಿಗಳು ತೀರಾ ಕ್ರಮಬದ್ಧವಾಗಿ ಉಳಿದಿವೆ, ಯಾರಾದರೂ ಬುದ್ಧಿವಂತಿಕೆಯಿಂದ ಸುತ್ತಿಗೆ ಹಿಡಿದು ಅಲ್ಲಲ್ಲಿ ಮುರಿದರೆ ಚಿತ್ರ ಇನ್ನೂ ಚೆನ್ನಾದೀತು ಎಂಬರ್ಥದ ಮಾತು ಬರೆದ. ಪಾಳು ಸಾಕಷ್ಟು ಪಾಳಾಗಿಲ್ಲವೆಂಬ ಕೊರತೆ!

ಆದರೆ ಗಿಲ್ಪಿನ್‌ಗೆ ಕಣ್ಣಿರಲಿಲ್ಲವೆನ್ನುವಂತಿಲ್ಲ. ಆ ಪಾಳಿನ ನಡುವೆ ಗುಡಿಸಲು ಕಟ್ಟಿಕೊಂಡು ಭಿಕ್ಷೆ ಬೇಡುತ್ತಿದ್ದ ಬಡವರನ್ನೂ ಅವನು ಕಂಡ. ಮಠದ ಗ್ರಂಥಾಲಯ ತೋರಿಸುವೆನೆಂದು ಕರೆದುಕೊಂಡು ಹೋದ ಮುದುಕಿಯೊಬ್ಬಳು ತನ್ನದೇ ಒದ್ದೆ ಗೂಡನ್ನು ತೋರಿಸಿದ್ದನ್ನೂ ಬರೆದ. ಹತ್ತಿರದಲ್ಲೇ ಕಬ್ಬಿಣದ ಕುಲುಮೆಗಳಿದ್ದುದನ್ನೂ ಮುಚ್ಚಿಡಲಿಲ್ಲ. ಅವನ ನಂತರ 1798ರ ಜುಲೈಯಲ್ಲಿ ತಂಗಿಯೊಡನೆ ಅದೇ ಕಣಿವೆಯಲ್ಲಿ ನಡೆದ ವರ್ಡ್ಸ್‌ವರ್ತ್ ಬರೆದ ಕವಿತೆಯನ್ನು ನಮ್ಮಲ್ಲಿ ಬಿ.ಎ. ಓದಿದವರೆಲ್ಲ ಬಲ್ಲರು. ಶೀರ್ಷಿಕೆಯಲ್ಲಿ ಟಿಂಟರ್ನ್ ಇದೆ. ಕವಿತೆಯೊಳಗೆ ಮಠದ ಒಂದು ಕಂಬವೂ ಇಲ್ಲ. ಅದು ಅಲ್ಲಿಂದ ಕೆಲವು ಮೈಲಿ ಮೇಲೆ, ಗುಡ್ಡದ ಬದಿಯಲ್ಲಿ ನಿಂತು ತನ್ನೊಳಗನ್ನೇ ನೋಡಿಕೊಂಡ ಕವಿತೆ. ದೊಡ್ಡ ಕವಿತೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಪಾಡು ಏನಾಯಿತೆಂದರೆ, ಆ ಕವಿಯ ಒಳಗು ನಮ್ಮಲ್ಲಿಲ್ಲದೆ ಅವನು ನಿಂತ ಜಾಗ ಮಾತ್ರ ನಮಗೆ ಬಂತು. ನಾವೂ ಎತ್ತರದಲ್ಲಿ ನಿಂತೆವು, ದೂರಕ್ಕೆ ನೋಡಿದೆವು, ಕೆಳಗಿನ ಮುದುಕಿಯನ್ನು ಕಾಣಲಿಲ್ಲ.

ಇದರ ಮೇಲೆ ಕನ್ನಡದ್ದೇ ಆದ ಇನ್ನೊಂದು ಪದರ ಕೂಡಿಕೊಂಡಿತು. ಆಲೂರು ವೆಂಕಟರಾಯರು 1905ರಲ್ಲಿ ಹಂಪೆಗೆ ಹೋದರು. ಆ ಭೇಟಿ ಅವರ ಬದುಕನ್ನೇ ತಿರುಗಿಸಿತು. 1917ರಲ್ಲಿ 'ಕರ್ನಾಟಕ ಗತವೈಭವ' ಬಂತು. ಹರಿದು ಹಂಚಿಹೋಗಿದ್ದ ಕನ್ನಡ ನಾಡಿಗೆ ತಾನೊಂದು ನಾಡೆಂಬ ಅರಿವು ತಂದುಕೊಟ್ಟ ಪುಸ್ತಕ ಅದು. ಅದರ ಋಣ ಗಡಿನಾಡಿನವರಾದ ನಮ್ಮ ಮೇಲೆ ಎಲ್ಲರಿಗಿಂತ ಹೆಚ್ಚು. ಆದರೆ ಹಂಪೆಯ ಎದುರು ಹುಟ್ಟಿದ ನಿಟ್ಟುಸಿರನ್ನು ಬೇಕಲಕ್ಕೆ ಹೊತ್ತು ತಂದದ್ದು ನಮ್ಮ ತಪ್ಪು. ಹಂಪೆ 1565ರ ಸೋಲಿನ ಊರು. ಅಲ್ಲಿ ಒಂದು ನಗರ ಹಾಳಾಯಿತು. ಬೇಕಲದಲ್ಲಿ ಅಂಥದೇನು ನಡೆಯಿತು? ಕೆಳದಿಯ ನಾಯಕರು ಹದಿನೇಳನೆಯ ಶತಮಾನದ ನಡುವಿನಲ್ಲಿ ಅದನ್ನು ಕಟ್ಟಿಸಿದರು. 1763ರಲ್ಲಿ ಬಿದನೂರು ಬಿದ್ದಮೇಲೆ ಹೈದರಾಲಿಯ ಕೈಗೆ, ಅವನಿಂದ ಟಿಪ್ಪುವಿಗೆ, 1799ರ ನಂತರ ಕುಂಪಣಿಗೆ ಹೋಯಿತು. ಕುಂಪಣಿಯ ಕಾಲದಲ್ಲಿ ಬೇಕಲವೆಂಬ ಹೆಸರಿನ ತಾಲೂಕೇ ಇತ್ತು. ಕೈ ಬದಲಾಯಿತು, ಕಂದಾಯದ ಲೆಕ್ಕ ಮುಂದುವರಿಯಿತು. ಆಮೇಲೆ ಕೆಲಸ ಬೇರೆಡೆಗೆ ಹೋಯಿತು, ಹುಲ್ಲು ಬೆಳೆಯಿತು. ನಿವೃತ್ತನಾದ ಗುಮಾಸ್ತನ ಎದುರು ನಿಂತು ರಣರಂಗದಲ್ಲಿ ಮಡಿದ ವೀರನಿಗಾಗಿ ಅಳುವಂತೆ ನಾವು ಅತ್ತೆವು.

ತ.ರಾ.ಸು. ಅವರ 'ದುರ್ಗಾಸ್ತಮಾನ'ದಲ್ಲಿ ಅಳು ಬಂದರೆ ಅದಕ್ಕೆ ಕಾರಣವಿದೆ. ಚಿತ್ರದುರ್ಗ ಬಿತ್ತು, ಅದರ ದೊರೆ ಬಿದ್ದ; ಆ ಕೋಟೆಯ ಸಂದುಗೊಂದುಗಳನ್ನು ಬಲ್ಲ ಲೇಖಕ ಅದನ್ನು ಜನ ವಾಸಿಸುವ ಜಾಗವಾಗಿ ಕಂಡಿದ್ದಾನೆ. ನಮ್ಮ ಕಡಲ ಕೋಟೆಗಳಿಗೆ ಅಂಥ ಬರಹ ಬರಬೇಕಾದರೆ ಅದರ ಸಾಮಗ್ರಿ ಬೇರೆಯೇ ಆಗಿರಬೇಕು.

ಆ ಸಾಮಗ್ರಿ ಎಲ್ಲಿದೆಯೆಂದು ಹುಡುಕಿದರೆ, ಸಾಹಿತ್ಯವೆಂದು ಯಾರೂ ಕರೆಯದ ಒಂದು ಪುಸ್ತಕದಲ್ಲಿ ಅದರ ಸುಳಿವು ಸಿಗುತ್ತದೆ. ಟಿಪ್ಪುವಿನ ಪತನದ ಮರುವರ್ಷ ಕುಂಪಣಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್ ಸುತ್ತಿ 1801ರ ಆರಂಭದಲ್ಲಿ ನಮ್ಮ ಕಡೆ ಬಂದ. 1807ರಲ್ಲಿ ಮೂರು ಸಂಪುಟಗಳಾಗಿ ಅವನ ದಿನಚರಿ ಅಚ್ಚಾಯಿತು. ನಿಟ್ಟುಸಿರು ಬಿಡುವ ಸ್ವಭಾವದವನಲ್ಲ. ಹೊಸದುರ್ಗದ ಕೋಟೆ ನೋಡಿ ಅವನು ಗಮನಿಸಿದ್ದು ಅದರ ಕೊತ್ತಳಗಳು ದುಂಡಾಗಿವೆ, ಈ ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಚೌಕದ ಕೊತ್ತಳಗಳಿಗಿಂತ ರಕ್ಷಣೆಗೆ ಇವು ಉತ್ತಮ ಎಂಬುದನ್ನು. ಹೊಲದಲ್ಲಿ ಏನು ಬೆಳೆದಿದೆ, ಯಾರು ಉಳುತ್ತಾರೆ, ಕೂಲಿ ಎಷ್ಟು ಎಂದು ಕೇಳಿ ಬರೆದುಕೊಂಡ. ಅದು ತೆರಿಗೆಯ ಕಣ್ಣು ಎಂಬುದು ನನಗೆ ಗೊತ್ತಿದೆ. ಆದರೂ ಇನ್ನೂರು ವರ್ಷಗಳ ಮೇಲೆ ಓದಿದಾಗ ಅವನ ಒಣ ವಾಕ್ಯಗಳಲ್ಲಿ ನಮ್ಮ ಊರು ಕಾಣಿಸುತ್ತದೆ, ನನ್ನ ರಸಭರಿತ ಲೇಖನದಲ್ಲಿ ಕಾಣಿಸುವುದಿಲ್ಲ. ನಮ್ಮ ಕೋಟೆ, ಮನೆ, ಬಾವಿ, ಹಟ್ಟಿ ಎಲ್ಲವೂ ಆಗಿರುವ ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನೂ ಇದೇ ಬುಕಾನನ್. ಮಲಬಾರಿನ ಅಂಗಾಡಿಪ್ಪುರಂನಲ್ಲಿ ಅದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಆ ಹೆಸರು ಮಾಡಿದ. ನೆಲದೊಳಗೆ ಇರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿಬಿಸಿಲಿಗೆ ಬಂದಮೇಲೆ ಗಟ್ಟಿ. ಈ ಗುಣವಿಲ್ಲದಿದ್ದರೆ ಬೇಕಲವೇ ಇರುತ್ತಿರಲಿಲ್ಲ.

ಇಲ್ಲಿ ಒಬ್ಬ ಹುಡುಗನ ಬರಹವನ್ನು ನೆನೆಯಬೇಕು. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ಕೈಬರಹದ ಪತ್ರಿಕೆಗೆ ನಾನು ತೀರ್ಪುಗಾರನಾಗಿದ್ದೆ. ಕೋಟೆಯ ಮೇಲೆ ಬಂದ ಏಳೋ ಎಂಟೋ ಪ್ರಬಂಧಗಳಲ್ಲಿ ಒಂದರಲ್ಲಿ ಶಿವಪ್ಪ ನಾಯಕನ ಹೆಸರೇ ಇರಲಿಲ್ಲ. ಆ ಹುಡುಗನ ಅಪ್ಪ ಕಲ್ಲಿನ ಪಣೆಯಲ್ಲಿ ಕೆಲಸ ಮಾಡುವವರು. ಹುಡುಗ ಗೋಡೆಯ ಹತ್ತಿರ ಹೋಗಿ, ಕಲ್ಲಿನ ಮೇಲೆ ಉಳಿದ ಕೊಡಲಿಯ ಗೀರುಗಳು ಯಾವ ಕಡೆಗೆ ಓರೆಯಾಗಿವೆ ಎಂದು ನೋಡಿ, ಕೆತ್ತಿದವನು ಎಲ್ಲಿ ನಿಂತಿದ್ದ ಎಂದು ಬರೆದಿದ್ದ. ಯಂತ್ರದಲ್ಲಿ ಕೊಯ್ದ ಕಲ್ಲಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಬರೆದಿದ್ದ. ಕಂದಕ ತೋಡಿದಾಗ ಸಿಕ್ಕ ಕಲ್ಲನ್ನೇ ಗೋಡೆಗೆ ಏರಿಸಿರಬೇಕು, ಹಾಗೆ ಮಾಡಿದರೆ ಹೊರುವ ಕೂಲಿ ಉಳಿಯುತ್ತದೆ ಎಂದು ಅಪ್ಪ ಹೇಳಿದ್ದನ್ನೂ ಸೇರಿಸಿದ್ದ. ನಾನು ಅದಕ್ಕೆ ಮೂರನೆಯ ಬಹುಮಾನ ಕೊಟ್ಟೆ. 'ಭಾಷೆ ಇನ್ನೂ ಪಳಗಬೇಕು' ಎಂದು ಷರಾ ಬರೆದೆ. ಮೊದಲ ಬಹುಮಾನ ಪಡೆದದ್ದು ಸೂರ್ಯಾಸ್ತದ ಪ್ರಬಂಧ. ಈ ಲೇಖನದಲ್ಲಿ ನಾನು ಯಾರ ಮೇಲೆ ತಕರಾರು ಹೂಡುತ್ತಿದ್ದೇನೆ ಎಂದು ಓದುಗರಿಗೆ ಸಂಶಯ ಬಾರದಿರಲೆಂದು ಇದನ್ನು ಹೇಳಿದೆ.

ಇನ್ನು ಸುರಂಗದ ಮಾತು. ಕೋಟೆಯ ಲೇಖನವೆಂದಮೇಲೆ ರಹಸ್ಯ ಸುರಂಗ ಬಂದೇ ಬರುತ್ತದೆ. ರಾಣಿ ಅದರೊಳಗಿಂದ ತಪ್ಪಿಸಿಕೊಂಡಳು, ಅದು ಹತ್ತು ಮೈಲಿ ದೂರದ ಇನ್ನೊಂದು ಕೋಟೆಗೆ ಹೋಗುತ್ತದೆ, ಈಗ ಮುಚ್ಚಿದೆ. ಕಾದಂಬರಿ ಓದಿದ ಎಲ್ಲ ಊರಿನವರೂ ಹೀಗೆ ಬರೆಯಬಹುದು. ಆದರೆ ಕಾಸರಗೋಡಿನವನು ಹೀಗೆ ಬರೆಯುವಾಗ ನನಗೆ ಸೋಜಿಗವಾಗುತ್ತದೆ. ಲೋಕದಲ್ಲಿ ಬೇರೆಲ್ಲರಿಗೂ ಸುರಂಗವೆಂದರೆ ಗುಟ್ಟಿನ ದಾರಿ. ಬಾಯಾರು, ಎಣ್ಮಕಜೆ ಕಡೆಯ ನಮಗೆ ಸುರಂಗವೆಂದರೆ ನೀರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಾಗಿ ಹೋಗುವಷ್ಟು ಅಗಲಕ್ಕೆ, ಮೇಣದಬತ್ತಿಯ ಬೆಳಕಿನಲ್ಲಿ ಮುರಕಲ್ಲನ್ನು ಕಡಿಯುತ್ತ ಹೋಗಿ, ಒಸರು ಸಿಕ್ಕಿದಲ್ಲಿ ನಿಲ್ಲಿಸಿ, ಸಣ್ಣ ಇಳಿಜಾರಿನಲ್ಲಿ ಆ ನೀರನ್ನು ಅಡಿಕೆ ತೋಟಕ್ಕೆ ತರುವ ಕೆಲಸ. ಕೈಪಂಪು ಬೇಡ, ಕರೆಂಟು ಬೇಡ. ಕೋಟೆ ಕಟ್ಟಿದ ಕಲ್ಲೂ ಕೌಶಲವೂ ಇದೇ. ಕೋಟೆಯೊಳಗೆ ಕೊಳಕ್ಕೆ ಇಳಿಯುವ ಮೆಟ್ಟಿಲು ನೋಡುತ್ತ ತನ್ನ ಮನೆಯ ಹಿತ್ತಿಲಿನ ಸುರಂಗವನ್ನು ನೆನೆದ ಒಂದು ಲೇಖನವನ್ನೂ ನಾನು ಓದಿಲ್ಲ. ನಿಧಿಯ ಕತೆಗಳು ಮಾತ್ರ ಬೇಕಾದಷ್ಟು ಓದಿದ್ದೇನೆ. ಆ ಕತೆಗಳು ನಿರಪಾಯವೂ ಅಲ್ಲ. 2025ರ ಆರಂಭದಲ್ಲಿ ಕುಂಬಳೆಯ ಆರಿಕ್ಕಾಡಿ ಕೋಟೆಯಲ್ಲಿ ನಿಧಿಗಾಗಿ ಅಗೆಯಲು ಹೋದವರು ಸಿಕ್ಕಿಬಿದ್ದರು.

ಬೇಕಲದ ಗೋಡೆಯಲ್ಲಿ ಕಂಡಿಗಳಿವೆ. ಮೇಲಿನ ಕಂಡಿ ದೂರದವನಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡಲು ಎಂದು ತೋರಿಸುವವರು ಹೇಳುತ್ತಾರೆ. ನಮ್ಮ ಬರಹಗಾರರೆಲ್ಲ ಮೇಲಿನ ಕಂಡಿಯಲ್ಲೇ ನಿಂತವರು.

ಮಲಯಾಳದ ಗೆಳೆಯರ ಬರಹ ಇದಕ್ಕಿಂತ ಬೇರೆಯಾಗಿದೆಯೇ? ಈ ವಾರ್ಷಿಕದ ಬಲಗಡೆಯ ಪುಟಗಳನ್ನು ಓದುವಷ್ಟು ಮಲಯಾಳ ನನಗೆ ಬರುತ್ತದೆ. ಅಲ್ಲಿನ ಪ್ರವಾಸ ಬರಹಗಳಲ್ಲಿ ಬೇಕಲ ಕೇರಳದ ಅತಿ ದೊಡ್ಡ ಕೋಟೆ. ಕಟ್ಟಿದವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಂತರ ಸಿನೆಮಾ ಬರುತ್ತದೆ. ಮಣಿರತ್ನಂ 'ಬಾಂಬೆ' ಚಿತ್ರದ ಒಂದು ಹಾಡನ್ನು ಅಲ್ಲಿ ಚಿತ್ರಿಸಿದರು. 1995ರಲ್ಲಿ ಚಿತ್ರ ಬಿಡುಗಡೆಯಾದಮೇಲೆ ಮಳೆಯಲ್ಲಿ ನೆನೆದ ಆ ಗೋಡೆ ದಕ್ಷಿಣ ಭಾರತಕ್ಕೆಲ್ಲ ಪರಿಚಯವಾಯಿತು. ಅದೇ ಹೊತ್ತಿಗೆ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಕೇಂದ್ರ ಮಾಡುವ ಯೋಜನೆಯೂ ಹೊರಟಿತ್ತು. ನಮ್ಮ ಬರಹದಲ್ಲಿ ಕೋಟೆ ಒಂದು ಕಳೆದುಹೋದ ಸಂಪತ್ತು, ಅವರ ಬರಹದಲ್ಲಿ ಒಂದು ಸುಂದರ ಹಿನ್ನೆಲೆ. ಎರಡರಲ್ಲೂ ಒಂದು ಸಂಗತಿ ಬಿಟ್ಟುಹೋಗಿದೆ. ಅದನ್ನು ಹೇಳುವುದು ನಮ್ಮವರಿಗೆ ಸ್ವಲ್ಪ ಇರಿಸುಮುರಿಸು ತಂದೀತು, ಆದರೂ ಹೇಳುತ್ತೇನೆ. ಕೋಟೆ ಕಟ್ಟುವುದು ನೆಲ ಗೆದ್ದವನು. ಗೆದ್ದ ನೆಲ ಕೈತಪ್ಪದಿರಲೆಂದು ಕಟ್ಟುವುದು.

ವೈ ನದಿಯ ದೇಶದವರು ಇದನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವೇಲ್ಸನ್ನು ಗೆದ್ದು 1283ರಿಂದ ಕೆನಾರ್ವನ್, ಕಾನ್ವಿ, ಹಾರ್ಲೆಕ್ ಕೋಟೆಗಳನ್ನು ಎಬ್ಬಿಸಿದ. ಲೋಕದ ಅತ್ಯುತ್ತಮ ಮಧ್ಯಯುಗದ ಕೋಟೆಗಳಲ್ಲಿ ಅವುಗಳ ಎಣಿಕೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಹದಿನೆಂಟನೆಯ ಶತಮಾನದಲ್ಲಿ ತನ್ನ ನಾಡನ್ನು ಸುತ್ತಿ ಪ್ರವಾಸಕಥನ ಬರೆದ ಥಾಮಸ್ ಪೆನಂಟ್ ವೇಲ್ಸಿನವನೇ. ಕೆನಾರ್ವನ್ ಕೋಟೆಯ ಎದುರು ನಿಂತು ಅವನು ಅದರ ಭವ್ಯತೆಯನ್ನು ಹೊಗಳಿದ, ಅದೇ ಉಸಿರಿನಲ್ಲಿ ಅದು ತಮ್ಮ ಅಧೀನತೆಯ ಗುರುತು ಎಂದೂ ಹೇಳಿದ. ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದ ಆ ಗದ್ಯದ ಶಕ್ತಿ ನನಗೆ ಹೊಟ್ಟೆಕಿಚ್ಚು ತರುತ್ತದೆ. ಆ ನೆನಪು ಇಂದಿಗೂ ತಣ್ಣಗಾಗಿಲ್ಲ; 2017ರಲ್ಲಿ ಫ್ಲಿಂಟ್ ಕೋಟೆಯ ಬಳಿ ಕಬ್ಬಿಣದ ದೊಡ್ಡ ಉಂಗುರದ ಶಿಲ್ಪ ನಿಲ್ಲಿಸಲು ಹೊರಟಾಗ, ಇದು ನಮ್ಮನ್ನು ಬಿಗಿದ ಕೋಟೆಗಳ ಬಳೆಯನ್ನು ಕೊಂಡಾಡುವಂತಿದೆ ಎಂದು ಜನ ಎದ್ದರು, ಯೋಜನೆ ನಿಂತಿತು.

ಹೊಸದುರ್ಗದ ಕೋಟೆಯೂ ಒಬ್ಬರಿಗೆ ಭವ್ಯತೆ, ಇನ್ನೊಬ್ಬರಿಗೆ ಅಧೀನತೆ ಆಗಿದ್ದಿರಬಹುದೆಂದು ನಾವು ಯಾವಾಗಲಾದರೂ ಯೋಚಿಸಿದ್ದೇವೆಯೇ? ಪಯಸ್ವಿನಿ ಅಥವಾ ಚಂದ್ರಗಿರಿ ಹೊಳೆ ಹಿಂದಿನಿಂದ ತುಳುನಾಡಿಗೂ ಮಲಯಾಳನಾಡಿಗೂ ಎಲ್ಲೆಯೆಂದು ಹೆಸರಾದದ್ದು. ಚಂದ್ರಗಿರಿ ಕೋಟೆ ಇರುವುದು ಆ ಹೊಳೆಯ ತೆಂಕು ದಡದಲ್ಲಿ. ಅಂದರೆ ಎಲ್ಲೆ ದಾಟಿದ ಮೇಲೆ. ಬೇಕಲ, ಹೊಸದುರ್ಗ ಇನ್ನೂ ತೆಂಕಕ್ಕೆ, ನೀಲೇಶ್ವರದ ಅರಸರ ಮಗ್ಗುಲಿಗೆ. ಕೆಳದಿಯ ವಿಜಯಗಳನ್ನು ಹಾಡುವ ಲಿಂಗಣ್ಣನ 'ಕೆಳದಿನೃಪವಿಜಯ' ಆಸ್ಥಾನದ ಕಡೆಯ ಕಾವ್ಯ, ಅದು ಗೆದ್ದವರ ಕತೆ ಹೇಳುವುದು ಸಹಜ. ಅದನ್ನು ಓದಿ ಹೆಮ್ಮೆಪಡುವ ನಾವು, ಉತ್ತರಕ್ಕೆ ಬಂದರೆ ಕುಂಬಳೆಯ ಅರಸರೂ ಅದೇ ಕೆಳದಿಗೆ ತಲೆಬಾಗಬೇಕಾಯಿತೆಂಬುದನ್ನು ಮರೆಯುತ್ತೇವೆ. ಕುಂಬಳೆ ಸೀಮೆಯಲ್ಲಿ ಗೇಣಿ, ಕಂದಾಯ ಕೊಟ್ಟು ಬದುಕಿದ ನನ್ನ ಹಿರಿಯರು ಆ ಕೋಟೆಯ ಯಾವ ಬದಿಯಲ್ಲಿದ್ದರು? ಶಿವಪ್ಪ ನಾಯಕನ ಶಿಸ್ತು ಎಂಬ ಭೂಕಂದಾಯದ ಏರ್ಪಾಡು ಕನ್ನಡ ಇತಿಹಾಸದಲ್ಲಿ ನ್ಯಾಯಕ್ಕೆ ಹೆಸರಾದದ್ದು. ಆದರೆ ಕೊಡುವವನಿಗೆ ಶಿಸ್ತು ಎಂದರೂ ಕೊಡುವುದೇ.

ಒಂದು ಕಾರ್ತಿಕದಲ್ಲಿ, ಮಳೆ ನಿಂತು ಪಾರೆಯ ಮೇಲಿನ ಮುಳಿಹುಲ್ಲು ಹೊಂಬಣ್ಣಕ್ಕೆ ತಿರುಗಿದ್ದಾಗ, ನಾನೂ ಒಬ್ಬ ನಿವೃತ್ತ ಮಲಯಾಳ ಮಾಷೂ ಚಂದ್ರಗಿರಿ ಕೋಟೆ ಹತ್ತಿ, ಅಲ್ಲಿಂದ ಕರಾವಳಿಯ ದಾರಿ ಹಿಡಿದು ಮೇಲ್ಪರಂಬ, ಉದುಮ, ಪಾಲಕುನ್ನು ಹಾದು ಬೇಕಲಕ್ಕೆ ನಡೆದೆವು. ಬುರುಜಿನ ಮೇಲೆ ನಿಂತು ಹೊಳೆ ಕಡಲಿಗೆ ಸೇರುವುದನ್ನು ನೋಡುತ್ತ ಅವರು ನಕ್ಕು ಹೇಳಿದರು: "ಮಾಷೇ, ನಿಮ್ಮ ಅಜ್ಜಂದಿರು ಕಟ್ಟಿಸಿದ್ದು, ನಮ್ಮ ಅಜ್ಜಂದಿರು ಕಲ್ಲು ಹೊತ್ತದ್ದು." ನಾನು, "ನಮ್ಮ ಅಜ್ಜಂದಿರೂ ಹೊತ್ತಿರಬೇಕು ಮಾಷೇ, ಕೂಗಿ ಕೂಗಿ ಹೊರಿಸಿದವನ ಮಾತು ಅವರಿಗೆ ತಿಳಿಯುತ್ತಿತ್ತು, ಅಷ್ಟೇ ವ್ಯತ್ಯಾಸ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರುವವರು ತುಳುವಿನಲ್ಲಿ ಬೈದಿರಬೇಕು ಎಂದರು. ಮುಂದಿನ ದಾರಿಯೆಲ್ಲ ನಾವು ಇದನ್ನೇ ಮಾತಾಡಿದೆವು. ಮಹಾಜನ್ ಆಯೋಗ 1967ರ ತನ್ನ ವರದಿಯಲ್ಲಿ ಗೆರೆ ಎಳೆದದ್ದೂ ಈ ಹೊಳೆಯ ಮೇಲೆಯೇ. ಬಡಗು ಕಾಸರಗೋಡು ಕರ್ನಾಟಕಕ್ಕೆ ಎಂದಿತು. ಆ ಮಾತು ಜಾರಿಗೆ ಬರಲಿಲ್ಲ. ನಮ್ಮ ಮನೆಗಳಲ್ಲಿ ಅದರ ನೋವು ಇನ್ನೂ ಇದೆ, ನನ್ನಲ್ಲೂ ಇದೆ. ಆದರೆ 1956ರ ನೋವಿಗೆ ಹದಿನೇಳನೆಯ ಶತಮಾನದ ಗೋಡೆಯನ್ನು ಸಾಕ್ಷಿಗೆ ಕರೆದರೆ ಅದು ನಮ್ಮ ಪರವಾಗಿ ಹೇಳುತ್ತದೆಂಬ ಭರವಸೆ ಏನು? ನಮ್ಮ ಹಕ್ಕು ಇಲ್ಲಿ ತಲೆಮಾರುಗಳಿಂದ ಉತ್ತು, ಕಲಿತು, ಕಲಿಸಿ ಬದುಕಿದ್ದರಿಂದ ಬಂದದ್ದು. ದಂಡು ತಂದವನಿಂದ ಬಂದದ್ದೆಂದು ನಾವೇ ಬರೆದುಕೊಂಡರೆ, ದಂಡು ಹೋದ ದಿನವೇ ಹಕ್ಕೂ ಹೋಯಿತೆಂದು ಎದುರಾಳಿ ಹೇಳಬಹುದಲ್ಲವೇ?

ಕೋಟೆಯಿಂದ ಬಂದ ಕನ್ನಡವೂ ಒಂದಿದೆ, ಅದನ್ನು ಮರೆಮಾಚಬೇಕಾಗಿಲ್ಲ. ರಾಮಕ್ಷತ್ರಿಯರನ್ನು, ಜನ ಕೋಟೆಯವರೆಂದು ಕರೆಯುವವರನ್ನು, ಕೆಳದಿಯ ಕಾಲದಲ್ಲಿ ಕಾವಲಿಗೆಂದು ಈ ಕೋಟೆಗಳ ಸುತ್ತ ನೆಲೆಗೊಳಿಸಿದರು. ಅರಸ ಹೋದ, ಸಂಬಳ ನಿಂತಿತು, ಅವರು ಉಳಿದರು. ಹೊಸದುರ್ಗದಲ್ಲಿ, ಬೇಕಲದಲ್ಲಿ, ಕಾಸರಗೋಡಿನಲ್ಲಿ ಅವರ ಮನೆಗಳಿವೆ. ಒಳಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ. ಕೋಟೆಯ ಮೇಲೆ ನೂರು ಲೇಖನ ಬಂದಿವೆ. ಗೋಡೆಗೆ ತಾಗಿಕೊಂಡೇ ಇರುವ ಈ ಮನೆಗಳ ಒಬ್ಬ ಅಜ್ಜಿಯನ್ನು ಕೂರಿಸಿ, ಸೈನಿಕನ ಮೊಮ್ಮಕ್ಕಳು ಹೇಗೆ ನೆರೆಹೊರೆಯವರಾದರೆಂದು ಕೇಳಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ಗಿಲ್ಪಿನ್ನನ ಮುದುಕಿಯ ಮಾತು ನಾನು ಮೊದಲು ಎತ್ತಿದ್ದು ಇದಕ್ಕಾಗಿಯೇ. ಬೇಕಲದ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ, ಹತ್ತಿರದಲ್ಲೇ ಟಿಪ್ಪುವಿನ ಕಾಲದ್ದೆನ್ನುವ ಮಸೀದಿ. ಅವುಗಳನ್ನು ಸಾಮರಸ್ಯದ ಸಂಕೇತವೆಂದು ಒಂದು ವಾಕ್ಯದಲ್ಲಿ ಮುಗಿಸುವುದು ನಮ್ಮ ರೂಢಿ; ಅಲ್ಲಿ ದೀಪ ಹಚ್ಚುವವರು ಯಾರು, ಎಣ್ಣೆ ಎಲ್ಲಿಂದ ಎಂದು ಕೇಳುವುದಿಲ್ಲ.

ಹೆಸರುಗಳನ್ನಾದರೂ ಸರಿಯಾಗಿ ಓದಿಕೊಂಡಿದ್ದೇವೆಯೇ? ಬೇಕಲವೆಂಬುದು ದೊಡ್ಡ ಅರಮನೆಯೆಂಬ ಅರ್ಥದ 'ಬಲಿಯಕುಳಂ' ಸವೆದು ಆದದ್ದೆಂದು ಹೇಳುವುದುಂಟು. ಹಾಗಿದ್ದರೆ ನಾವು ನಮ್ಮದೆನ್ನುವ ಕೋಟೆಯ ಹೆಸರು ಅವರ ಬಾಯಿಯದು. ಕಾಞಂಗಾಡಿನವರು ತಮ್ಮದೆನ್ನುವ ತಾಲೂಕಿನ ಹೆಸರು ಹೊಸದುರ್ಗ, ನಮ್ಮ ಬಾಯಿಯದು. ಕೇರಳ ಸರಕಾರದ ಕಾಗದಪತ್ರಗಳಲ್ಲೂ ಅದೇ ನಡೆಯುತ್ತದೆ. ಅಲ್ಲೇ ಪೇಟೆಯಲ್ಲಿ ಆ ಜಾಗವನ್ನು ಪುದಿಯಕೋಟ ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ. ಸೋಮಶೇಖರ ನಾಯಕ ಕಟ್ಟಿಸಿದನೆಂಬ ಆ ಕೋಟೆ ಹೊಸದಾಗಿದ್ದಾಗ ಎರಡು ಭಾಷೆಯವರೂ ಅದನ್ನು ನೋಡಿ ಒಂದೇ ಮಾತನ್ನು ತಮ್ಮ ತಮ್ಮ ನಾಲಿಗೆಯಲ್ಲಿ ಹೇಳಿದರು. ಅವೆರಡೂ ಸವೆಯದೆ ಉಳಿದುಬಿಟ್ಟವು. ಒಂದು ದ್ವಿಭಾಷಾ ವಾರ್ಷಿಕಕ್ಕೆ ಇದಕ್ಕಿಂತ ಹತ್ತಿರದ ವಸ್ತು ಬೇಕೇ? ಆದರೂ ಹೊಸದುರ್ಗದ ಬಗ್ಗೆ ಬರಹ ಕಡಿಮೆ. ಅಲ್ಲಿ ಕಡಲು ಕಾಲಬುಡದಲ್ಲಿಲ್ಲ, ಸಿನೆಮಾ ಬಂದಿಲ್ಲ, ಸೂರ್ಯಾಸ್ತಕ್ಕೆ ಬುರುಜು ಎತ್ತರ ಸಾಲದು.

ಹೋದ ಬೇಸಗೆ ರಜೆಯಲ್ಲಿ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದುಂಡು ಕೊತ್ತಳವನ್ನು ಕೈಯಿಂದ ಮುಟ್ಟಿ ನೋಡು ಎಂದೆ. ಅವಳು ಮುಟ್ಟಿ, ಅಂಗೈಗೆ ಹತ್ತಿದ ಕೆಂಪನ್ನು ಲಂಗಕ್ಕೆ ಒರೆಸಿಕೊಂಡಳು. ನಾನು ಹೆಸರಿನ ಕತೆ ಹೇಳಿದೆ, ಎರಡು ಭಾಷೆಯಲ್ಲೂ. ಅವಳು ಕೇಳಿಕೊಂಡು, "ಅಜ್ಜಾ, ಇದು ಹೊಸತಾದರೆ ಹಳತು ಯಾವುದು?" ಎಂದಳು. ಇಷ್ಟು ವರ್ಷಗಳಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಕೆಳಗಿಳಿದು ಚಾ ಕುಡಿಯುವಾಗ ಅಂಗಡಿಯವರನ್ನು ಅವಳೇ ಮಲಯಾಳದಲ್ಲಿ ಕೇಳಿದಳು. ಅವರು ಲೋಟ ತೊಳೆಯುತ್ತ ಸ್ವಲ್ಪ ಯೋಚಿಸಿ, ಹಳತೆಂದರೆ ಬೇಕಲವೇ ಇರಬೇಕು ಮೋಳೆ, ಎದುರು ನಿಂತಿರುವ ಬಸ್ಸು ಅಲ್ಲಿಗೇ ಹೋಗುವುದು, ಈಗ ಓಡಿದರೆ ಸಿಗುತ್ತದೆ ಎಂದರು.